ಕಲ್ಲು, ಎರೆ, ಮುಳ್ಳು: ನಮ್ಮ ಕಡೆಯ ಕಾಡು ಹಾದಿಗೆ ಟೂ-ಸ್ಟ್ರೋಕ್ ಗಾಡಿ ಆರಿಸುವುದು ಹೇಗೆ

ದಸರಾ ಮುಗಿದರೆ ಸಾಕು, ನನಗೆ ಫೋನ್ ಬರಲು ಶುರುವಾಗುತ್ತದೆ. ಮಳೆ ನಿಂತಿರುತ್ತದೆ. ತೊಗರಿ ಹೂ ಬಿಡುವ ಹೊತ್ತು. ಬಂಡಿ ಹಾದಿಗಳು ಒಣಗಿ ಗಟ್ಟಿಯಾಗುತ್ತಿರುತ್ತವೆ. "ಅಣ್ಣಾ, ಗುಡ್ಡ ಹತ್ತಲಿಕ್ಕೆ ಒಂದು ಟೂ-ಸ್ಟ್ರೋಕ್ ತಗೋಬೇಕ್ರೀ. ಯಾವುದು ಛಲೋ?" ಎಂದು ಹುಡುಗರು ಕೇಳುತ್ತಾರೆ. ನಾನು ವಾಪಸ್ ಕೇಳುವುದು ಒಂದೇ. "ಯಾವ ಊರಾಗ ಓಡಿಸ್ತೀಯಪ್ಪಾ?"

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಬೀದರಿನ ಗಾಡಿ ಬೇರೆ, ಯಾದಗಿರಿಯ ಗಾಡಿ ಬೇರೆ. ಹದಿನೈದು ವರ್ಷದಿಂದ ಬೀದರ್, ಕಲಬುರಗಿ, ಯಾದಗಿರಿ ಈ ಮೂರೂ ಜಿಲ್ಲೆಗಳ ಹಾದಿಗಳಲ್ಲಿ ಗಾಡಿ ಓಡಿಸಿ, ಬಿದ್ದು, ರಿಪೇರಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ಕೊಳ್ಳುವ ಮುಂಚೆ ಒಮ್ಮೆ ಪೂರ್ತಿ ಓದಿ.

ಮೊದಲು ನೆಲ ನೋಡಿ

ಬೀದರ್ ಕಡೆ ಜಂಬಿಟ್ಟಿಗೆ ನೆಲ. ಕೆಂಪು ಮೊರಂ. ಕೆಳಗೆ ಗಟ್ಟಿ, ಮೇಲೆ ಗೋಲಿಯಂಥ ಹರಳು. ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಜಾರುತ್ತದೆ. ಇಲ್ಲಿ ಬೇಕಾದದ್ದು ಹಗುರ ಗಾಡಿ ಮತ್ತು ಒಳ್ಳೆಯ ಟೈರು.

ಕಲಬುರಗಿ ಎಂದರೆ ಎರೆ ಭೂಮಿ. ಒಣಗಿದಾಗ ನುಣ್ಣನೆಯ ಧೂಳು, ನಡುವೆ ಕೈ ಹೋಗುವಷ್ಟು ಬಿರುಕು. ಒಂದು ಮಳೆ ಬಿದ್ದರೆ ಅದೇ ನೆಲ ಅಂಟು. ಒಮ್ಮೆ ಜೇವರ್ಗಿ ಕಡೆಯ ಒಂದು ಹೊಲದ ಹಾದಿಯಲ್ಲಿ ಅಕಾಲ ಮಳೆಗೆ ಸಿಕ್ಕಿದ್ದೆ. ಐವತ್ತು ಮಾರು ಹೋಗುವುದರೊಳಗೆ ಮುಂದಿನ ಚಕ್ರ ತಿರುಗುವುದೇ ನಿಂತಿತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಇಟ್ಟಿಗೆಯ ಹಾಗೆ ಕೂತಿತ್ತು. ಜಾಲಿ ಕಡ್ಡಿಯಿಂದ ಕೆರೆದು ತೆಗೆದೆ. ಹತ್ತು ಮಾರು ಹೋದೆ, ಮತ್ತೆ ತುಂಬಿತು. ಕೊನೆಗೆ ಮಡ್‌ಗಾರ್ಡನ್ನೇ ಬಿಚ್ಚಿ ಹೆಗಲಿಗೆ ಕಟ್ಟಿಕೊಂಡು ಟಾರ್ ರಸ್ತೆಗೆ ಬಂದೆ. ಅವತ್ತಿನಿಂದ ನನ್ನ ಯಾವ ಗಾಡಿಗೂ ತಗ್ಗಿನ ಮಡ್‌ಗಾರ್ಡ್ ಇಲ್ಲ. ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಪರಸಿ ಕಲ್ಲಿನ ಚೂರುಗಳು. ಅಂಚು ಚಾಕುವಿನ ಹಾಗೆ. ಟೈರಿನ ಪಕ್ಕೆ ಸೀಳುತ್ತವೆ.

ಯಾದಗಿರಿ ಕಡೆ ಬಂಡೆ. ಸುರಪುರ, ಶಹಾಪುರದ ಗುಡ್ಡಗಳನ್ನು ನೋಡಿದವರಿಗೆ ಗೊತ್ತು. ದೊಡ್ಡ ದೊಡ್ಡ ಗುಂಡುಗಳ ನಡುವೆ ಸಣ್ಣ ಹಾದಿ. ಅಲ್ಲಿ ಸ್ಪೀಡ್ ಬರುವುದೇ ಇಲ್ಲ. ನಡಿಗೆಯ ವೇಗದಲ್ಲಿ, ಫಸ್ಟ್ ಗೇರಿನಲ್ಲಿ, ಅರ್ಧ ಕ್ಲಚ್ ಹಿಡಿದು ಹತ್ತಬೇಕು. ಇಂಜಿನ್ ಕೆಳಗಿನಿಂದಲೇ ಎಳೆಯಬೇಕು.

ಮೂರೂ ಕಡೆ ಇರುವುದು ಬಳ್ಳಾರಿ ಜಾಲಿ. ಅದರ ಮುಳ್ಳಿನ ಮಾತು ಮುಂದೆ ಬರುತ್ತದೆ.

ಕಾಡು ಎಂದರೆ ಯಾವ ಕಾಡು?

ಇದನ್ನು ಗಾಡಿ ಆರಿಸುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. "ಚಿಂಚೋಳಿ ಕಾಡಿಗೆ ಹೋಗೋಣ" ಎಂದು ಬಹಳ ಜನ ಕೇಳುತ್ತಾರೆ. ಚಿಂಚೋಳಿ 2011ರಿಂದ ವನ್ಯಜೀವಿ ಧಾಮ. ತೋಳ, ಕತ್ತೆಕಿರುಬ, ನರಿ ಇರುವ ಜಾಗ. ಕುಂಚಾವರಂ ಕಡೆಗೆ ಹೋಗುವ ಸಾರ್ವಜನಿಕ ರಸ್ತೆಯಲ್ಲಿ ಹೋಗಿ, ಚಂದ್ರಂಪಳ್ಳಿ ಕೆರೆ ನೋಡಿ, ಎತ್ತಿಪೋತ ಜಲಪಾತ ನೋಡಿ. ಆದರೆ ರಸ್ತೆ ಬಿಟ್ಟು ಮರಗಳ ನಡುವೆ ಚಕ್ರ ಇಡಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಧಾಮದೊಳಗೆ ಹೋಗುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮೀಸಲು ಅರಣ್ಯಕ್ಕೂ ಅನುಮತಿ ಬೇಕು, ಬೀದರಿನ ಹೊನ್ನಿಕೇರಿ ಕಾಡೂ ಸೇರಿ. ಕಾನೂನಿನ ಮಾತು ಬಿಡಿ. ಟೂ-ಸ್ಟ್ರೋಕ್ ಸದ್ದು ಬಹಳ ದೂರ ಕೇಳುತ್ತದೆ. ಮರಿ ಹಾಕಿದ ತೋಳಕ್ಕೆ ಆ ಸದ್ದು ಏನು ಮಾಡುತ್ತದೆ ಯೋಚಿಸಿ.

ಹಾಗಾದರೆ ಎಲ್ಲಿ? ಬಂಡಿ ಹಾದಿಗಳಿವೆ, ಊರಿಂದ ಊರಿಗೆ ಹೋಗುವ ಹಳೇ ದಾರಿಗಳಿವೆ. ಪಡ ಬಿದ್ದ ಹೊಲ, ಕುರುಚಲು ಬೆಳೆದ ಗುಡ್ಡದ ತಪ್ಪಲು ಬೇಕಾದಷ್ಟಿವೆ. ಹೊಲದ ಯಜಮಾನರನ್ನು ಮೊದಲು ಕೇಳಿ. "ಕಾಕಾ, ನಿಮ್ಮ ಪಡದಾಗ ಗಾಡಿ ಓಡಿಸ್ಲೇನ್ರೀ? ಬೆಳಿ ಕಡೆ ಬರಂಗಿಲ್ಲ" ಎಂದರೆ ನಮ್ಮ ಕಡೆಯವರು ಬೇಡ ಅನ್ನುವುದು ಕಡಿಮೆ. ಹೆಚ್ಚಿನ ಸಲ ಚಹಾ ಕೂಡ ಕೊಡುತ್ತಾರೆ.

ಈ ಪ್ರಶ್ನೆ ಗಾಡಿಗೂ ಸಂಬಂಧಿಸಿದ್ದು. ಊರಿಂದ ಊರಿಗೆ ಹೋಗಬೇಕಾದರೆ ನಂಬರ್ ಪ್ಲೇಟ್ ಇರುವ ಗಾಡಿ ಬೇಕು. ಬರೀ ಸ್ವಂತ ಹೊಲದಲ್ಲಿ ಓಡಿಸುವುದಾದರೆ ಮಾತ್ರ ನಂಬರ್ ಇಲ್ಲದ ಡರ್ಟ್ ಬೈಕಿನ ಮಾತು.

ಟೂ-ಸ್ಟ್ರೋಕೇ ಯಾಕೆ?

ಫೋರ್-ಸ್ಟ್ರೋಕ್ ಇಂಜಿನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಎರಡು ಸುತ್ತು ತಿರುಗಿದರೆ ಒಮ್ಮೆ ಬೆಂಕಿ ಹತ್ತುತ್ತದೆ. ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಹತ್ತುತ್ತದೆ. ಫೋರ್-ಸ್ಟ್ರೋಕಿನಂಥ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಟಕಿಗಳನ್ನು ಪಿಸ್ಟನ್ನೇ ತೆರೆಯುತ್ತದೆ, ಮುಚ್ಚುತ್ತದೆ. ಹಾಗಾಗಿ ಇಂಜಿನ್ ಹಗುರ. ಕೆಟ್ಟರೆ ಹಳ್ಳಿಯ ಮಿಸ್ತ್ರಿ ಕೂಡ ಮರದ ನೆರಳಲ್ಲಿ ಕೂತು ಬಿಚ್ಚಬಲ್ಲ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತೊಂದರೆಯೂ ಇದೆ. ಟೂ-ಸ್ಟ್ರೋಕಿನ ಶಕ್ತಿ ಸಮನಾಗಿ ಬರುವುದಿಲ್ಲ. ಸೈಲೆನ್ಸರಿನ ಹೊಟ್ಟೆಯ ಆಕಾರ, ಪೋರ್ಟುಗಳ (ಆ ಕಿಟಕಿಗಳ) ಎತ್ತರ ಸೇರಿ ಒಂದು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತನಕ ಸುಮ್ಮನಿದ್ದು, ಆಮೇಲೆ ಧಡಕ್ಕನೆ ಎಳೆಯುತ್ತದೆ. ರೇಸಿಗೆ ಅದು ಚೆಂದ. ಬಂಡೆ ಮೇಲೆ ಅದೇ ಎಳೆತ ಗಾಡಿಯನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಕಾಡು ಹಾದಿಗೆ ಬೇಕಾದದ್ದು ಕೆಳಗಿನ ಆರ್‌ಪಿಎಂನಲ್ಲೇ ಮೆತ್ತಗೆ ಎಳೆಯುವ ಇಂಜಿನ್. ಎಷ್ಟು ಹಾರ್ಸ್‌ಪವರ್ ಎಂದು ಕೇಳುವುದನ್ನು ಬಿಟ್ಟು, ಫಸ್ಟ್ ಗೇರಿನಲ್ಲಿ ಎಷ್ಟು ನಿಧಾನ ಹೋಗುತ್ತದೆ ಎಂದು ಕೇಳಿ. ಅಂಗಡಿಯವರು ಇದನ್ನು ಹೇಳುವುದಿಲ್ಲ. ನೀವೇ ಓಡಿಸಿ ನೋಡಬೇಕು.

ಇರುವ ದಾರಿಗಳು

ಮೊದಲನೆಯದು ಹಳೇ ರಸ್ತೆ ಗಾಡಿ ಕೊಂಡು ಹಾದಿಗೆ ತಯಾರು ಮಾಡುವುದು. ನಮ್ಮ ಕಡೆ ನೂರಕ್ಕೆ ತೊಂಬತ್ತು ಮಂದಿಗೆ ಇದೇ ದಾರಿ.

ಯಮಹಾ ಆರ್‌ಎಕ್ಸ್ 100 ಎಲ್ಲರ ಬಾಯಲ್ಲೂ ಇರುವ ಹೆಸರು. 1985ರಿಂದ 1996ರ ತನಕ ಬಂತು. 50 ಮಿಮೀ ಬೋರ್ (ಸಿಲಿಂಡರಿನ ಅಗಲ), 50 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 98 ಸಿಸಿ, 11 ಹಾರ್ಸ್‌ಪವರ್. ನೂರು ಕೆಜಿಯ ಆಸುಪಾಸು ತೂಕ. ಹಾದಿಗೆ ಹೇಳಿ ಮಾಡಿಸಿದಂತಿದೆ ಅಲ್ವಾ? ಆದರೆ ನನ್ನ ಸಲಹೆ ಬೇರೆ. ಒಳ್ಳೆಯ ಸ್ಥಿತಿಯಲ್ಲಿರುವ ಆರ್‌ಎಕ್ಸ್ 100 ಸಿಕ್ಕರೆ ಅದನ್ನು ಕತ್ತರಿಸಬೇಡಿ. ಅದರ ಬೆಲೆ ಈಗ ಹುಚ್ಚು ಹಿಡಿದ ಹಾಗೆ ಏರಿದೆ. ಆ ದುಡ್ಡು ಕೊಟ್ಟು ಕಲ್ಲಿಗೆ ಬಡಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಬದಲಿಗೆ ಆರ್‌ಎಕ್ಸ್ 135 ಹುಡುಕಿ. ಅದೇ 50 ಮಿಮೀ ಸ್ಟ್ರೋಕ್, ಬೋರ್ ಮಾತ್ರ 58 ಮಿಮೀ, 132 ಸಿಸಿ. ಕೆಳಗಿನ ಎಳೆತ ಜಾಸ್ತಿ. ನಾಲ್ಕು ಗೇರಿನದೂ ಇದೆ, ಐದು ಗೇರಿನದೂ ಇದೆ. ರಸ್ತೆಗೆ ಐದು ಚೆನ್ನ, ಹಾದಿಗೆ ನಾಲ್ಕೇ ಸಾಕು. 2005ರ ತನಕ ಬಂದ ಗಾಡಿಯಾದ್ದರಿಂದ ಸವೆತವೂ ಸ್ವಲ್ಪ ಕಡಿಮೆ ಇರುತ್ತದೆ.

ಸುಜುಕಿ ಮ್ಯಾಕ್ಸ್ 100 ಹಳ್ಳಿಗಳಲ್ಲಿ ಹಾಲಿನ ಕ್ಯಾನ್ ಹೊತ್ತ ಗಾಡಿ. ಕೆಳಗೆ ಚೆನ್ನಾಗಿ ಎಳೆಯುತ್ತದೆ, ಬೆಲೆ ಕಡಿಮೆ. ಸಮುರಾಯ್ ಕೂಡ ಹಾಗೇ. ಇವುಗಳ ಬಿಡಿಭಾಗ ಯಮಹಾದಷ್ಟು ಸುಲಭವಾಗಿ ಸಿಗುವುದಿಲ್ಲ. ಒಂದು ಹಾಳಾದ ಗಾಡಿಯನ್ನು ಬಿಡಿಭಾಗಕ್ಕೆಂದೇ ಮನೆ ಹಿತ್ತಲಲ್ಲಿ ಇಟ್ಟುಕೊಂಡರೆ ಚಿಂತೆ ಇಲ್ಲ.

ಯೆಜ್ಡಿ ನನಗೆ ಬಹಳ ಪ್ರೀತಿ. ಮೈಸೂರಿನಲ್ಲಿ ಹುಟ್ಟಿದ ಗಾಡಿ, ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 65 ಮಿಮೀ ಬೋರ್, 75 ಮಿಮೀ ಸ್ಟ್ರೋಕ್. ಸ್ಟ್ರೋಕ್ ಉದ್ದ ಇರುವುದರಿಂದ ಟ್ರ್ಯಾಕ್ಟರಿನ ಹಾಗೆ ಎಳೆಯುತ್ತದೆ. ಆದರೆ ಭಾರ. ಎರಡೂ ಬದಿ ಕೆಳಗೆ ಜೋತುಬಿದ್ದ ಸೈಲೆನ್ಸರುಗಳು ಕಲ್ಲಿಗೆ ಬಡಿಯುತ್ತವೆ. ಬೀದರಿನ ಬಯಲು ಮೊರಂ ಹಾದಿಗೆ ಸರಿ, ಸುರಪುರದ ಬಂಡೆಗೆ ಬೇಡ. 2022ರಲ್ಲಿ ಮತ್ತೆ ಬಂದ ಯೆಜ್ಡಿ ಫೋರ್-ಸ್ಟ್ರೋಕ್, ಹೆಸರು ನೋಡಿ ಗೊಂದಲ ಆಗಬೇಡಿ.

ಎರಡನೆಯದು ನಿಜವಾದ ಡರ್ಟ್ ಬೈಕ್. ಹೊರದೇಶದಲ್ಲಿ ಕಾಡು ಹಾದಿಗೆಂದೇ ಮಾಡಿದ ಟೂ-ಸ್ಟ್ರೋಕುಗಳಿವೆ. ಕೆಟಿಎಂ, ಹಸ್ಕ್‌ವರ್ನಾ, ಗ್ಯಾಸ್‌ಗ್ಯಾಸ್, ಬೀಟಾ, ಶೆರ್ಕೊ, ಯಮಹಾ ಮಾಡುತ್ತವೆ. ನೂರು ಕೆಜಿಯ ಆಸುಪಾಸಿನ ಗಾಡಿಯಲ್ಲಿ 300 ಸಿಸಿಯ ಇಂಜಿನ್ ಸುಮಾರು 50 ಹಾರ್ಸ್‌ಪವರ್ ಕೊಡುತ್ತದೆ. ಚಕ್ರ ಸುಮಾರು 300 ಮಿಮೀ ಮೇಲೆ ಕೆಳಗೆ ಆಡುತ್ತದೆ. ಆರ್‌ಎಕ್ಸ್‌ಗೆ ಅದರ ಅರ್ಧವೂ ಇಲ್ಲ. ಆದರೆ ಇವಕ್ಕೆ ಇಲ್ಲಿ ನಂಬರ್ ಸಿಗುವುದಿಲ್ಲ. ಬೀದಿಗೆ ಇಳಿಸುವಂತಿಲ್ಲ. ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹೋಗಬೇಕು. ಆಮದು ಸುಂಕ ಸೇರಿದರೆ ಬೆಲೆ ಒಂದು ಒಳ್ಳೆಯ ಕಾರಿನ ಮಟ್ಟಕ್ಕೆ ಹೋಗುತ್ತದೆ.

2024ರ ಕೊನೆಗೆ ಕೆಟಿಎಂ ಭಾರತಕ್ಕೆ ತಂದ ಡರ್ಟ್ ಬೈಕುಗಳಲ್ಲಿ 50, 65, 85 ಎಸ್‌ಎಕ್ಸ್ ಮಾತ್ರ ಟೂ-ಸ್ಟ್ರೋಕ್. ಅವು ಮಕ್ಕಳ, ಚಿಕ್ಕ ವಯಸ್ಸಿನವರ ರೇಸ್ ಗಾಡಿಗಳು. ದೊಡ್ಡವೆಲ್ಲ ಫೋರ್-ಸ್ಟ್ರೋಕ್.

ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ವಾರಕ್ಕೆ ಆರು ದಿನ ಆಫೀಸಿಗೆ, ಒಂದು ದಿನ ಹಾದಿಗೆ ಎನ್ನುವವರಿಗೆ ಟೂ-ಸ್ಟ್ರೋಕ್ ಬೇಡ. ಹೀರೋ ಎಕ್ಸ್‌ಪಲ್ಸ್‌ನಂಥ ಫೋರ್-ಸ್ಟ್ರೋಕ್ ತೆಗೆದುಕೊಳ್ಳಿ. ಭಾರ ಜಾಸ್ತಿ, ಆದರೆ ಬೆಳಿಗ್ಗೆ ಒಂದು ಬಟನ್ ಒತ್ತಿದರೆ ಶುರು.

ಡರ್ಟ್ ಬೈಕೇ ಬೇಕು ಎನ್ನುವವರಿಗೆ

ಹೆಸರಿನಲ್ಲೇ ಎಡವುವವರು ಜಾಸ್ತಿ. ಟ್ರ್ಯಾಕಿನ ರೇಸಿಗೆ ಮಾಡಿದ ಮೋಟೋಕ್ರಾಸ್ ಗಾಡಿ ಬೇರೆ, ಉದ್ದ ಕಾಡು ಹಾದಿಗೆ ಮಾಡಿದ ಎಂಡ್ಯೂರೋ ಗಾಡಿ ಬೇರೆ. ಮೋಟೋಕ್ರಾಸ್ ಗಾಡಿಯ ಶಾಕಪ್ಸರ್ ಗಟ್ಟಿ, ದೊಡ್ಡ ಜಿಗಿತಕ್ಕೆ ಮಾಡಿದ್ದು. ಗೇರುಗಳು ಹತ್ತಿರ ಹತ್ತಿರ. ಹಿಂದಿನ ಚಕ್ರ 19 ಇಂಚು. ಲೈಟಿಲ್ಲ, ಸ್ಟ್ಯಾಂಡಿಲ್ಲ. ಎಂಡ್ಯೂರೋ ಗಾಡಿಗೆ ಮೆತ್ತನೆಯ ಶಾಕಪ್ಸರ್, ಅಗಲ ಗೇರು, ಹಿಂದೆ 18 ಇಂಚಿನ ಚಕ್ರ. ಆ ಒಂದು ಇಂಚು ಕಡಿಮೆ ಇರುವಲ್ಲಿ ರಬ್ಬರು ದಪ್ಪ ಬರುತ್ತದೆ, ಕಲ್ಲಿಗೆ ರಿಮ್ ಬಡಿಯುವುದು ಕಡಿಮೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಮೊದಲು ಹಿಂದಿನ ರಿಮ್ ಅಳತೆ ಓದಿ. ಅರ್ಧ ಕತೆ ಅಲ್ಲೇ ಗೊತ್ತಾಗುತ್ತದೆ.

ಸಿಸಿ ಮಾತಿಗೆ ಬಂದರೆ, 125 ಮತ್ತು 150 ಹಗುರ, ಆದರೆ ಶಕ್ತಿ ಮೇಲಿನ ಆರ್‌ಪಿಎಂನಲ್ಲಿದೆ. ಸದಾ ಕ್ಲಚ್ ಆಡಿಸುತ್ತಾ ಕಿರುಚಿಸಬೇಕು. 250 ನಡುವಿನದು. 300 ಎಂದರೆ ಹೊಸಬರು ಹೆದರುತ್ತಾರೆ, ಆದರೆ ಎಂಡ್ಯೂರೋ 300 ಕೆಳಗೆ ಎಷ್ಟು ಮೆತ್ತಗೆ ಎಳೆಯುತ್ತದೆ ಎಂದರೆ ನಡೆಯುವ ವೇಗದಲ್ಲಿ ಬಂಡೆ ಏರಬಹುದು. ಭಯ ಇರುವುದು ಬಲಗೈ ಜೋರಾಗಿ ತಿರುಗಿದಾಗ. ಕಲಿಯುವವರಿಗೆ 150 ಅಥವಾ 250, ನಾಲ್ಕೈದು ವರ್ಷ ಹಾದಿ ಓಡಿಸಿದವರಿಗೆ 300. ಇದು ನನ್ನ ಲೆಕ್ಕ.

ಇಂಜಿನಿಗೆ ಪೆಟ್ರೋಲ್ ಕೊಡುವುದು ಕಾರ್ಬೊರೇಟರೋ, ಸೆನ್ಸರ್ ನೋಡಿ ಚಿಮ್ಮಿಸುವ ಇಂಜೆಕ್ಷನ್ನೋ? ಕೆಟಿಎಂ 2018ರ ಮಾಡೆಲ್‌ನಿಂದ ಎಂಡ್ಯೂರೋ ಟೂ-ಸ್ಟ್ರೋಕಿಗೆ ಇಂಜೆಕ್ಷನ್ ಹಾಕಿತು. ಪೆಟ್ರೋಲಿಗೆ ಎಣ್ಣೆ ಕಲಸುವ ಕೆಲಸ ಇಲ್ಲ, ಬಿಸಿಲು ಚಳಿಗೆ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಬದಲಿಸುವ ಕೆಲಸವೂ ಇಲ್ಲ. ಆದರೆ ಸೆನ್ಸರ್ ಕೈಕೊಟ್ಟರೆ ಕಲಬುರಗಿಯಲ್ಲಿ ಯಾರು ನೋಡುತ್ತಾರೆ? ಯಮಹಾ ವೈಜೆಡ್ 250 ಎಕ್ಸ್ ಕಾರ್ಬೊರೇಟರಿನ ಗಾಡಿ, ಕಿಕ್ ಮಾತ್ರ. ಗುಡ್ಡದ ಓರೆಯಲ್ಲಿ ನಿಂತು ಕಿಕ್ ಹೊಡೆಯುವುದು ಕಷ್ಟ ನಿಜ. ಆದರೂ ನಮ್ಮ ಊರಿನ ಮಟ್ಟಿಗೆ ನಾನು ಕಾರ್ಬೊರೇಟರಿನ ಕಡೆ.

ಎತ್ತರವನ್ನೂ ನೋಡಿ. ಈ ಗಾಡಿಗಳ ಸೀಟು ನೆಲದಿಂದ ಸುಮಾರು 950 ಮಿಮೀ. ಐದೂವರೆ ಅಡಿಯವರಿಗೆ ಎರಡೂ ಕಾಲು ನೆಲಕ್ಕೆ ತಾಗುವುದಿಲ್ಲ.

ನಮ್ಮ ಅಕ್ಕನ ಮಗ 300ಕ್ಕೆ ಹಟ ಹಿಡಿದಿದ್ದ. "ಮಾಮಾ, ಅದನ್ನೇ ಕೊಡಸ್ರಿ" ಎಂದು ಒಂದೇ ಸಮನೆ ಕೇಳುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ನನ್ನ ಆರ್‌ಎಕ್ಸ್ 135ನ್ನು ಓರೆ ನೆಲದಲ್ಲಿ ಮಲಗಿಸಿ, "ಹತ್ತು ಸಲ ಎತ್ತಿ ನಿಲ್ಲಿಸು" ಎಂದೆ. ಏಪ್ರಿಲ್ ಬಿಸಿಲು. ಆರನೆಯ ಸಲಕ್ಕೆ ಅವನ ಕೈ ನಡುಗಿತು. ಏಳನೆಯದಕ್ಕೆ ಗಾಡಿಯ ಪಕ್ಕ ಕೂತುಬಿಟ್ಟ. ಹಾದಿಯಲ್ಲಿ ಒಂದು ದಿನಕ್ಕೆ ಹತ್ತು ಸಲ ಬೀಳುವುದು ಕಲಿಯುವವರಿಗೆ ಸಾಮಾನ್ಯ. ನೀವು ನೋಡುತ್ತಿರುವ ಗಾಡಿಯನ್ನೂ ಹೀಗೇ ಎತ್ತಿ ನೋಡಿ. ಎತ್ತಲು ಆಗದ ಗಾಡಿ ನಿಮ್ಮದಲ್ಲ. ಅವನು ಈಗ ಮ್ಯಾಕ್ಸ್ 100 ಓಡಿಸುತ್ತಾನೆ, ನನಗಿಂತ ಚೆನ್ನಾಗಿ ಬಂಡೆ ಹತ್ತುತ್ತಾನೆ.

ಹಳೇ ಗಾಡಿ ಪರೀಕ್ಷೆ ಮಾಡುವ ಕ್ರಮ

ಇಲ್ಲಿ ಅವಸರ ಬೇಡ. ಒಂದು ತಾಸು ಕೊಡಿ. ಜೊತೆಗೆ ಪ್ಲಗ್ ಪಾನಾ, 10 ಮತ್ತು 12ರ ಸ್ಪ್ಯಾನರ್, ಒಂದು ಟಾರ್ಚ್ ಒಯ್ಯಿರಿ.

ಹೇಳಿದ ಟೈಮಿಗಿಂತ ಅರ್ಧ ತಾಸು ಮುಂಚೆ ಹೋಗಿ. ಸಿಲಿಂಡರ್ ಮೇಲೆ ಕೈ ಇಡಿ. ತಣ್ಣಗಿರಬೇಕು. ಬಿಸಿ ಇದ್ದರೆ ಮಾರುವವರು ಮೊದಲೇ ಶುರು ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿರುವಾಗ ಶುರುವಾಗದ ಗಾಡಿಯ ರೋಗ ಆಗ ನಿಮಗೆ ಕಾಣುವುದಿಲ್ಲ.

ಕಿಕ್ಕರನ್ನು ಕಾಲಿನಿಂದ ಅಲ್ಲ, ಕೈಯಿಂದ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಸಲೀಸಾಗಿ ಇಳಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದು ಹೋಗಿರಬಹುದು.

ಪ್ಲಗ್ ಬಿಚ್ಚಿ. ತುದಿ ಚಹಾದ ಬಣ್ಣ ಇದ್ದರೆ ಒಳ್ಳೆಯದು. ಬೆಳ್ಳಗೆ ಇದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಅದು ಅಪಾಯ. ಕಪ್ಪಗೆ ಒದ್ದೆ ಇದ್ದರೆ ಪೆಟ್ರೋಲ್ ಅಥವಾ ಎಣ್ಣೆ ಜಾಸ್ತಿ. ಅದನ್ನು ಸರಿ ಮಾಡಬಹುದು.

ಈಗ ಮುಖ್ಯವಾದದ್ದು. ಮಾರುವವರು ಒಪ್ಪಿದರೆ ಸಿಲಿಂಡರಿಗೆ ಸೈಲೆನ್ಸರ್ ಸೇರುವ ಕಡೆಯ ಬೋಲ್ಟ್ ಬಿಚ್ಚಿ ಸೈಲೆನ್ಸರ್ ತೆಗೆಯಿರಿ. ಹತ್ತು ನಿಮಿಷದ ಕೆಲಸ. ಆ ತೂತಿಗೆ ಟಾರ್ಚ್ ಹಿಡಿದು, ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ. ಪಿಸ್ಟನ್ ಮೇಲೆ ಕೆಳಗೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಪಿಸ್ಟನ್ ಮೈ ನುಣ್ಣಗೆ ಬೂದು ಬಣ್ಣ ಇರಬೇಕು. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಈ ಇಂಜಿನ್ ಒಮ್ಮೆ ಸೀಜ್ ಆಗಿದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತಿದೆ. ರಿಂಗುಗಳು ಸುತ್ತಲೂ ಒಂದೇ ಸಮ ಹೊಳೆಯಬೇಕು. ಫೋರ್-ಸ್ಟ್ರೋಕ್ ಇಂಜಿನಿನ ಹೊಟ್ಟೆ ಹೀಗೆ ಸುಲಭವಾಗಿ ನೋಡಲು ಆಗುವುದಿಲ್ಲ. ಟೂ-ಸ್ಟ್ರೋಕಿನಲ್ಲಿ ಆಗುತ್ತದೆ, ಬಿಡಬೇಡಿ.

ಬೋರ್ (ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡುವುದು) ಎಷ್ಟು ಸಲ ಆಗಿದೆ ಎಂದು ಕೇಳಿ. ಪ್ರತಿ ಸಲ ಲೇತಿಗೆ ಹೋದಾಗ 0.25 ಮಿಮೀ ದೊಡ್ಡ ಪಿಸ್ಟನ್ ಹಾಕುತ್ತಾರೆ. 0.25, 0.50, 0.75, 1.00. ಒಂದಕ್ಕೆ ಬಂದಿದ್ದರೆ ಮುಂದಿನ ಸಲ ಸ್ಲೀವ್ ಅಥವಾ ಬೇರೆ ಬ್ಲಾಕ್ ಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎಲ್ಲ ಜೋಡಿಸಿ ಶುರು ಮಾಡಿ. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಸುಮ್ಮನೆ ನಿಂತು ಕೇಳಿ. ಬಿಸಿಯಾದ ಮೇಲೆ ಆರ್‌ಪಿಎಂ ತಾನಾಗಿಯೇ ಏರಿದರೆ, ಎಕ್ಸಲರೇಟರ್ ಬಿಟ್ಟ ಮೇಲೂ ಇಳಿಯಲು ತಡ ಮಾಡಿದರೆ, ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ತುದಿಯಲ್ಲಿ ಗಾಳಿ ತಡೆಯುವ ರಬ್ಬರ್ ಉಂಗುರ) ಸೋರಿ ಗಾಳಿ ಎಳೆಯುತ್ತಿರಬಹುದು.

ಇದು ನಾನು ನನ್ನ ಮೈಮೇಲೆ ಕಲಿತ ಪಾಠ. ಹುಮನಾಬಾದ್ ಹತ್ತಿರದ ಒಂದು ಊರಲ್ಲಿ ನನ್ನ ಮೊದಲ ಗಾಡಿ ಕೊಂಡೆ. ಹೋದಾಗಲೇ ಇಂಜಿನ್ ಬಿಸಿ ಇತ್ತು. ಆರ್‌ಪಿಎಂ ಏರುತ್ತಿತ್ತು. "ಟ್ಯೂನಿಂಗ್ ಅಷ್ಟೇ ಅಣ್ಣಾರ, ಒಂದು ಸ್ಕ್ರೂ ತಿರುವಿದ್ರ ಆತು" ಎಂದರು ಮಾರಿದವರು. ನಂಬಿದೆ. ಎಂಟನೆಯ ದಿನ ಚಿತ್ತಾಪುರ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತಿತು. ಕ್ಲಚ್ ಹಿಡಿದದ್ದರಿಂದ ಬದುಕಿದೆ. ನಮ್ಮ ಉಸ್ತಾದರು ಇಂಜಿನ್ ಬಿಚ್ಚಿ, ಬೆರಳಿಗೆ ಉಂಗುರದ ಹಾಗೆ ಆ ಸೀಲ್ ಹಾಕಿ ತೋರಿಸಿದರು. ರಬ್ಬರಿನ ತುಟಿ ಪೂರ್ತಿ ಕಲ್ಲಾಗಿತ್ತು. "ಇಷ್ಟು ಸಣ್ಣದು ಪಿಸ್ಟನ್ ತಿಂತು ನೋಡ್ರಿ" ಎಂದರು. ಅಂದಿನಿಂದ ಯಾವ ಹಳೇ ಗಾಡಿ ತಂದರೂ ಓಡಿಸುವ ಮುಂಚೆ ಎರಡೂ ಕಡೆಯ ಸೀಲ್ ಬದಲಿಸುತ್ತೇನೆ.

ಕ್ಲಚ್ ಬದಿಯ ಸೀಲ್ ಹೋದರೆ ಲಕ್ಷಣ ಬೇರೆ. ಗೇರ್ ಆಯಿಲ್ ಒಳಗೆ ಎಳೆದು ದಟ್ಟ ಬಿಳಿ ಹೊಗೆ ಬರುತ್ತದೆ, ಹೊಗೆಯ ವಾಸನೆಯೇ ಬೇರೆ ಇರುತ್ತದೆ, ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಾ ಹೋಗುತ್ತದೆ.

ಚಾಸಿಯನ್ನೂ ನೋಡಿ. ಹ್ಯಾಂಡಲ್ ಕೆಳಗಿನ ಕೊಳವೆಯ ಸುತ್ತ, ಫುಟ್‌ರೆಸ್ಟಿನ ಹತ್ತಿರ ವೆಲ್ಡಿಂಗ್ ಗುರುತು ಇದೆಯೇ? ಇದ್ದರೆ ಎದ್ದು ಬನ್ನಿ. ಇಂಜಿನ್ ಮತ್ತೆ ಕಟ್ಟಬಹುದು, ಗುಡ್ಡದ ಮೇಲೆ ಮುರಿಯುವ ಚಾಸಿಯನ್ನು ನಂಬಲಾಗದು.

ಕಾಗದ ಪತ್ರ

ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿ ಮೇಲೆ ಓದಿ ತಾಳೆ ನೋಡಿ. ಅಂಕಿಗಳ ಸುತ್ತ ಉಜ್ಜಿದ ಗುರುತು ಇದ್ದರೆ ಬೇಡ. ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್. ನಮ್ಮ ಕಡೆ ತೆಲಂಗಾಣ, ಮಹಾರಾಷ್ಟ್ರದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅವಕ್ಕೆ ಆ ಕಡೆಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಇಲ್ಲದಿದ್ದರೆ ದುಡ್ಡು ಕೊಡಬೇಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಣ ಆಗಿರಬೇಕು. ಅದು ಐದು ವರ್ಷಕ್ಕೊಮ್ಮೆ. ಟೂ-ಸ್ಟ್ರೋಕ್ ಎಲ್ಲವೂ ಈಗ ಆ ವಯಸ್ಸಿನವೇ, ಹಾಗಾಗಿ ಕೇಳಲೇಬೇಕು. ಮಾರಾಟದ ಫಾರಂ 29 ಮತ್ತು 30ಕ್ಕೆ ಸಹಿ ಅವತ್ತೇ ಹಾಕಿಸಿಕೊಳ್ಳಿ.

ಹಾದಿಗೆ ತಯಾರು ಮಾಡುವುದು

ಚಾಸಿ ಕತ್ತರಿಸುವುದು, ಬೇರೆ ಇಂಜಿನ್ ಕೂರಿಸುವುದು ಕಾನೂನಿಗೂ ಸರಿಯಲ್ಲ, ಬೇಕಾಗುವುದೂ ಇಲ್ಲ. ಲೈಟು, ಹಾರನ್, ನಂಬರ್ ಪ್ಲೇಟ್, ಮೂಲ ಸೈಲೆನ್ಸರ್ ಹಾಗೇ ಇರಲಿ. ಮೂಲ ಸೈಲೆನ್ಸರಿಗೆ ಕೆಳಗಿನ ಎಳೆತ ಚೆನ್ನಾಗಿದೆ. ರೇಸ್ ಸೈಲೆನ್ಸರ್ ಹಾಕಿದರೆ ಸದ್ದು ಏರುತ್ತದೆ, ಬಂಡೆ ಮೇಲೆ ಬೇಕಾದ ಎಳೆತ ಹೋಗುತ್ತದೆ.

ಮಾಡಬೇಕಾದ್ದು ಸ್ವಲ್ಪವೇ. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕಿ. ಮುಂದೆ ಒಂದು ಹಲ್ಲು ಇಳಿಸಿದರೆ ಹಿಂದೆ ಸುಮಾರು ಮೂರು ಹಲ್ಲು ಏರಿಸಿದಷ್ಟು ಫಲ. ಖರ್ಚು ಕಡಿಮೆ, ಫಸ್ಟ್ ಗೇರಿನಲ್ಲಿ ಗಾಡಿ ಬೇರೆಯೇ ಆಗುತ್ತದೆ. ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಕಾರಣ ಮೊದಲೇ ಹೇಳಿದ್ದೇನೆ. ಇಂಜಿನ್ ಕೆಳಗೆ 3 ಮಿಮೀ ಅಲ್ಯೂಮಿನಿಯಂ ತಗಡು. ಅಗಲ ಹ್ಯಾಂಡಲ್. ಗುಬ್ಬಿ ಗುಬ್ಬಿ ಇರುವ ಟೈರು, 18 ಇಂಚಿಗೆ ಸಿಗುತ್ತದೆ.

ಮುಳ್ಳು. ಜಾಲಿ ಮುಳ್ಳು ಟೈರಿನೊಳಗೆ ಮುರಿದು ಕೂರುತ್ತದೆ. ಪಂಚರ್ ಹಾಕಿಸಿದ ಮೇಲೂ ಎರಡು ದಿನಕ್ಕೆ ಮತ್ತೆ ಚುಚ್ಚುತ್ತದೆ. ಟ್ಯೂಬ್ ತೆಗೆದಾಗಲೆಲ್ಲ ಟೈರಿನ ಒಳಮೈ ಮೇಲೆ ಒಂದು ಬಟ್ಟೆ ಚೂರು ಎಳೆಯಿರಿ. ಮುರಿದ ಮುಳ್ಳು ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬೆರಳಿಂದ ಹುಡುಕಲು ಹೋಗಬೇಡಿ. ದಪ್ಪ ಟ್ಯೂಬ್ ಹಾಕಿ. ಗಾಳಿ ನಾನು ಹಾದಿಯಲ್ಲಿ 18 ಪಿಎಸ್‌ಐ ಇಡುತ್ತೇನೆ. ಅದಕ್ಕಿಂತ ಕಡಿಮೆ ಮಾಡಿದರೆ ಹಿಡಿತ ಹೆಚ್ಚು, ಆದರೆ ಪರಸಿ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕು ಕತ್ತರಿಸುತ್ತದೆ.

ಎರೆ ಧೂಳು ಇಂಜಿನಿಗೆ ಉಜ್ಜುವ ಪುಡಿಯಿದ್ದ ಹಾಗೆ. ಫೋಮ್ ಫಿಲ್ಟರನ್ನು ಪ್ರತಿ ಸವಾರಿ ಆದ ಮೇಲೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹಿಂಡಿ ಹಾಕಿ.

ಎಣ್ಣೆ ಮತ್ತು ಬಿಸಿಲು

ಆರ್‌ಎಕ್ಸ್‌ಗೆ ಎಣ್ಣೆ ತಾನೇ ಕೊಡುವ ಪಂಪ್ ಇದೆ. ಬಹಳ ಗಾಡಿಗಳಲ್ಲಿ ಅದನ್ನು ತೆಗೆದುಹಾಕಿರುತ್ತಾರೆ. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ. ಪಂಪ್ ಇಲ್ಲದ ಗಾಡಿಗೆ ಬರೀ ಪೆಟ್ರೋಲ್ ಹಾಕಿದರೆ ಇಂಜಿನ್ ಆ ದಿನವೇ ಮುಗಿಯಿತು. ಗಾಳಿಯಿಂದ ತಣಿಯುವ ಹಳೇ ಗಾಡಿಗೆ ನಾನು ಲೀಟರ್ ಪೆಟ್ರೋಲಿಗೆ 30 ಮಿಲಿ ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಹಾಕುತ್ತೇನೆ. ಡಬ್ಬಿ ಮೇಲೆ ಗುಣಮಟ್ಟದ ಗುರುತಾಗಿ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದಿರಬೇಕು. ಅಂದಾಜಿಗೆ ಸುರಿಯಬೇಡಿ. ಮಕ್ಕಳ ಔಷಧಿಯ ಅಳತೆ ಮುಚ್ಚಳ ಸಾಕು. ಹೊಸ ಡರ್ಟ್ ಬೈಕಿಗೆ ಅದರ ಪುಸ್ತಕದಲ್ಲಿ ಹೇಳಿದ್ದೇ ಅಳತೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎರಡು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿ. ಹಳೇ ರಬ್ಬರ್ ಪೈಪುಗಳನ್ನೂ ಬದಲಿಸಿ.

ಉದ್ದ ಇಳಿಜಾರಿನಲ್ಲಿ ಒಂದು ವಿಷಯ ನೆನಪಿರಲಿ. ಪೆಟ್ರೋಲಿನ ಜೊತೆಗೇ ಎಣ್ಣೆ ಹೋಗುವ ಇಂಜಿನಿನಲ್ಲಿ ಎಕ್ಸಲರೇಟರ್ ಮುಚ್ಚಿದರೆ ಎಣ್ಣೆಯೂ ಮುಚ್ಚಿದ ಹಾಗೆ. ಚಕ್ರ ಇಂಜಿನನ್ನು ತಿರುಗಿಸುತ್ತಿರುತ್ತದೆ, ಒಳಗೆ ಒಣ ಉಜ್ಜಾಟ. ಕ್ಲಚ್ ಹಿಡಿದು ಆಗಾಗ ಸ್ವಲ್ಪ ರೇಸ್ ಕೊಡಿ.

ಮೇ ತಿಂಗಳಲ್ಲಿ ಕಲಬುರಗಿ 42, 43 ಡಿಗ್ರಿ ದಾಟುತ್ತದೆ. ಆಗ ನಿಧಾನದ ಬಂಡೆ ಹಾದಿ ಬೇಡವೇ ಬೇಡ. ಗಾಳಿಯೇ ತಾಗದ ಇಂಜಿನ್ ಕಿಟಿಕಿಟಿ ಎಂದು ಸದ್ದು ಮಾಡಿ, ಎಳೆಯುವುದು ಕಡಿಮೆ ಮಾಡಿದರೆ ತಕ್ಷಣ ನಿಲ್ಲಿಸಿ. ಮುಂಭಾಗ ಗಾಳಿಗೆ ತಿರುಗಿಸಿ ನೆರಳಲ್ಲಿ ಇಡಿ. ನೀರು ಸುರಿಯಬೇಡಿ, ಬಿಸಿ ಸಿಲಿಂಡರ್ ಸೀಳುತ್ತದೆ. ಅಕ್ಟೋಬರಿನಿಂದ ಫೆಬ್ರವರಿ ನಮ್ಮ ಸೀಸನ್.

ದುಡ್ಡು ಕೊಡುವ ಮುಂಚೆ

ಸಾಧ್ಯವಾದರೆ ಗಾಡಿಯನ್ನು ನೀವು ಓಡಿಸುವ ನೆಲಕ್ಕೇ ಒಯ್ದು ನೋಡಿ. ಟಾರ್ ರಸ್ತೆಯಲ್ಲಿ ಎಲ್ಲ ಗಾಡಿಯೂ ಚೆನ್ನ. ಒಂದು ಸಣ್ಣ ಕಲ್ಲಿನ ಏರು ಆರಿಸಿ. ಫಸ್ಟ್ ಗೇರಿನಲ್ಲಿ, ಫುಟ್‌ರೆಸ್ಟ್ ಮೇಲೆ ನಿಂತು, ಎಷ್ಟು ನಿಧಾನ ಹೋಗಲು ಆಗುತ್ತದೆಯೋ ಅಷ್ಟು ನಿಧಾನ ಹತ್ತಿ. ನಡುವೆ ನಿಲ್ಲಿಸಿ. ಮತ್ತೆ ಅಲ್ಲಿಂದಲೇ ಹೊರಡಿ. ಇಂಜಿನ್ ಆರಿತೇ? ಗಾಡಿ ಜಿಗಿಯಿತೇ? ಕಾಲು ನೆಲಕ್ಕೆ ಸಿಕ್ಕಿತೇ? ಕ್ಲಚ್ ಹಿಡಿದ ಎಡಗೈ ಎರಡು ಬೆರಳು ನೋಯುತ್ತಿವೆಯೇ?

ಇಳಿದು ಬಂದು, ಇಂಜಿನ್ ಆರಿಸಿ, ಐದು ನಿಮಿಷ ಬಿಟ್ಟು ಕಿಕ್ ಹೊಡೆಯಿರಿ. ಬಿಸಿ ಇರುವಾಗ ಒಂದೆರಡು ಕಿಕ್ಕಿಗೆ ಶುರುವಾದರೆ ಪ್ಲಗ್ ಮತ್ತೊಮ್ಮೆ ಬಿಚ್ಚಿ ನೋಡಿ. ಬಣ್ಣ ಇನ್ನೂ ಚಹಾದ್ದೇ ಇದ್ದರೆ ಚೌಕಾಸಿಗೆ ಕೂರಬಹುದು.